ಎಳೆಬಿಸಿಲಿಲ್ಲದ ಊರಿನ ಬಾಣಂತನ

ಇಂಗ್ಲೆಂಡಿನಲ್ಲಿ ಡಿಸೆಂಬರ್ 25ರಂದು ರೈಲು ಓಡುವುದಿಲ್ಲ. ಬಸ್ಸೂ ಇಲ್ಲವೆಂದೇ ಹೇಳಬೇಕು. ದೊಡ್ಡ ಅಂಗಡಿಗಳು ಅವತ್ತು ಬಾಗಿಲು ತೆರೆಯಬಾರದು ಎಂದು 2004ರಲ್ಲಿ ಒಂದು ಕಾಯಿದೆಯನ್ನೇ ಮಾಡಿಟ್ಟಿದ್ದಾರೆ. ನಮ್ಮಲ್ಲಿ ಹಬ್ಬ ಬಂತೆಂದರೆ ಬೀದಿ ತುಂಬುತ್ತದೆ. ಇಲ್ಲಿ ಬೀದಿ ಖಾಲಿಯಾಗುತ್ತದೆ. ಕಿಟಕಿ ಕಿಟಕಿಯಲ್ಲೂ ದೀಪದ ಸರ ಮಿನುಗುತ್ತಿರುತ್ತದೆ, ಹೊರಗೆ ಒಂದು ನರಪಿಳ್ಳೆಯೂ ಇರುವುದಿಲ್ಲ.

ಹೆರಿಗೆಗಳೂ ಈ ರಜೆಯನ್ನು ತಕ್ಕಮಟ್ಟಿಗೆ ಪಾಲಿಸುತ್ತವೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಇಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯವರು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1995ರಿಂದ 2014ರವರೆಗೆ ಹುಟ್ಟಿದ ಮಕ್ಕಳ ಜನ್ಮದಿನಗಳನ್ನು ಲೆಕ್ಕ ಹಾಕಿದ್ದಾರೆ. ಅತಿ ಹೆಚ್ಚು ಮಕ್ಕಳು ಹುಟ್ಟುವುದು ಸೆಪ್ಟೆಂಬರ್ 26ರಂದು. ಕ್ರಿಸ್ಮಸ್ಸಿನಿಂದ ಒಂಬತ್ತು ತಿಂಗಳು ಎಣಿಸಿದರೆ ಕಾರಣ ತಾನೇ ಹೊಳೆಯುತ್ತದೆ! ಅತಿ ಕಡಿಮೆ ಹುಟ್ಟುವುದು ಡಿಸೆಂಬರ್ 26ರಂದು, ಅದರ ಬೆನ್ನಿಗೇ 25. ಮೊದಲೇ ದಿನ ಗೊತ್ತು ಮಾಡಿ ಮಾಡುವ ಸಿಸೇರಿಯನ್‌ಗಳನ್ನೂ, ಔಷಧಿ ಕೊಟ್ಟು ನೋವು ಬರಿಸುವ ಹೆರಿಗೆಗಳನ್ನೂ ಆ ದಿನಗಳಿಗೆ ಯಾರೂ ಬರೆದುಕೊಳ್ಳುವುದಿಲ್ಲ. ಉಳಿದವರು ಮಾತ್ರ ತಮಗೆ ಬಂದಾಗ ಬರುತ್ತಾರೆ.

ನಮ್ಮ ಮಗನೂ ಹಾಗೆ ಬಂದವನೇ. ಜನವರಿ 2 ಎಂದು ಕೊಟ್ಟಿದ್ದ ತಾರೀಖನ್ನು ಬಿಟ್ಟು 2018ರ ಡಿಸೆಂಬರ್ 22ರ ಶನಿವಾರ, ಲೀಡ್ಸ್ ನಗರದ ಒಂದು ಆಸ್ಪತ್ರೆಯಲ್ಲಿ ಹುಟ್ಟಿದ. ಇಲ್ಲಿ ಬೆಳಿಗ್ಗೆ ಹನ್ನೊಂದೂ ಮುಕ್ಕಾಲು, ತೀರ್ಥಹಳ್ಳಿಯಲ್ಲಿ ಸಂಜೆ ಐದೂಕಾಲು. "ಮಾರ್ಗಶಿರದ ಹುಣ್ಣಿಮೆ, ದತ್ತ ಜಯಂತಿ" ಎಂದು ಅಪ್ಪ ಫೋನಿನಲ್ಲೇ ಪಂಚಾಂಗ ತಿರುವಿ ಹೇಳಿದರು. ಅಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. "ಬಿಸಿ ನೀರು ಕುಡಿದ್ಯಾ?" ಅಂದಳು.

ಅಮ್ಮ ಅಷ್ಟು ಹೊತ್ತಿಗೆ ನನ್ನ ಪಕ್ಕದಲ್ಲಿರಬೇಕಿತ್ತು. ವೀಸಾ ಬಂದಿತ್ತು, ಟಿಕೆಟ್ ಆಗಿತ್ತು, ಬಾಣಂತಿ ಲೇಹ್ಯದ ಡಬ್ಬಿಗೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿಯೂ ಆಗಿತ್ತು. ನವೆಂಬರಿನಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಗುವಿಗೆ ಎಣ್ಣೆ ನೀರು ಎರೆಯುವುದು ಹೇಗೆ? ಟಿಕೆಟ್ ರದ್ದಾಯಿತು. ಅತ್ತೆಯವರಿಗೆ ಮಂಡಿನೋವು, ಅವರು ಬರುವ ಮಾತೇ ಇರಲಿಲ್ಲ. ಹಾಗಾಗಿ ನನ್ನ ಬಾಣಂತನ ವಾಟ್ಸಾಪಿನಲ್ಲಿ ಶುರುವಾಯಿತು.

ಹೆರಿಗೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹದಿನಾಲ್ಕು ಗಂಟೆ ನೋವು ತಿಂದೆ, ಹೆತ್ತೆ, ಅಷ್ಟೇ. ಆದರೆ ಅದಾದ ಮೇಲೆ ಕೊಟ್ಟರಲ್ಲ, ಬೆಣ್ಣೆ ಸವರಿದ ಟೋಸ್ಟು ಮತ್ತು ಹಾಲು ಹಾಕಿದ ಟೀ, ಅದನ್ನು ಮರೆಯಲಾರೆ. ಈ ದೇಶದಲ್ಲಿ ಹೆತ್ತವರನ್ನು ಯಾರನ್ನು ಕೇಳಿದರೂ ಆ ಟೋಸ್ಟಿನ ಕಥೆ ಹೇಳುತ್ತಾರೆ. ಅಮ್ಮನಿಗೆ ಹೇಳಿದರೆ ಹೌಹಾರಿದಳು: "ಹಸಿ ಬಾಣಂತಿಗೆ ಬ್ರೆಡ್ಡಾ?"

ಮರುದಿನ ಮಧ್ಯಾಹ್ನವೇ ಮನೆಗೆ ಕಳಿಸಿದರು. ಒಂದು ಕಟ್ಟು ಕರಪತ್ರ, ಎರಡು ಫೋನ್ ನಂಬರು, ನೋವಿಗೆ ಪ್ಯಾರಾಸಿಟಮಾಲ್. ನಮ್ಮೂರಲ್ಲಿ ಬಾಣಂತಿಯೆಂದರೆ ಒಂದು ಕೋಣೆ, ಒಂದು ಹಂಡೆ ಕುದಿನೀರು, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಊಟಕ್ಕೆ ಮೆಣಸಿನ ಸಾರು, ಸುತ್ತ ನಾಲ್ಕು ಹೆಂಗಸರು. ಇಲ್ಲಿ ನಾನು ಹೊಲಿಗೆ ಹಾಕಿದ ಮೈ ಹೊತ್ತುಕೊಂಡು ಮಹಡಿ ಮೆಟ್ಟಿಲು ಹತ್ತಿಳಿಯುತ್ತಿದ್ದೆ. ಅಮ್ಮ ಹೇಳಿದಳೆಂದು ನನ್ನ ಗಂಡ ಸಾಂಬ್ರಾಣಿ ಹೊಗೆ ಹಾಕಲು ಹೋಗಿ ಮನೆಯ ಹೊಗೆ ಅಲಾರಾಂ ಊಳಿಟ್ಟಿತು. ಮಗು ಮಾತ್ರ ಕಣ್ಣು ಬಿಡಲಿಲ್ಲ.

"ಎಷ್ಟು ಸಾಧು ಮಗು!" ಎಲ್ಲರೂ ಅದನ್ನೇ ಅಂದರು. ಸೋಮವಾರವಿಡೀ ನಿದ್ದೆ ಮಾಡಿದ. ಬಾಯಿಗೆ ಮೊಲೆ ಇಟ್ಟರೆ ಎರಡು ಗುಟುಕು ಎಳೆದು ಮತ್ತೆ ನಿದ್ದೆ. ಧನುರ್ಮಾಸವಾದ್ದರಿಂದ ನಮ್ಮ ಮನೆಯಲ್ಲಿ ಬೆಳಗಿನ ಜಾವಕ್ಕೇ ಹುಗ್ಗಿ ನೈವೇದ್ಯ. ಆ ಬ್ರಾಹ್ಮೀ ಮುಹೂರ್ತಕ್ಕೆ ಎದ್ದು ಅಮ್ಮ ವಿಡಿಯೋ ಕಾಲ್ ಮಾಡಿದರೆ ಇಲ್ಲಿ ನಡುರಾತ್ರಿ. ಹಾಸಿಗೆ ಪಕ್ಕದ ಹಳದಿ ಬಲ್ಬಿನ ಬೆಳಕಿನಲ್ಲಿ ನನ್ನ ಮುಖವೂ ಹಳದಿ, ಗೋಡೆಯೂ ಹಳದಿ, ಮಗುವೂ ಹಳದಿ. ಎಂಟು ಸಾವಿರ ಕಿಲೋಮೀಟರ್ ದೂರದ ಫೋನಿನ ಪರದೆಯಲ್ಲಿ ಯಾವ ಅಜ್ಜಿಗಾದರೂ ಏನು ಕಂಡೀತು? "ದಿನಾ ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಹಿಡಿ ಪುಟ್ಟೀ" ಎಂದಷ್ಟೇ ಹೇಳಿದಳು. ಲೀಡ್ಸಿನಲ್ಲಿ ಡಿಸೆಂಬರಿನ ಸೂರ್ಯ ಹುಟ್ಟುವುದು ಎಂಟೂಕಾಲು ದಾಟಿದ ಮೇಲೆ, ಮುಳುಗುವುದು ನಾಲ್ಕಕ್ಕೆ ಮೊದಲೇ. ಆ ನಡುವೆಯೂ ಅವನು ಮೋಡದ ಆಚೆಗೇ ಇರುತ್ತಾನೆ. ಎಳೆಬಿಸಿಲು ಎಲ್ಲಿಂದ ತರಲಿ?

ಮಂಗಳವಾರ ಕ್ರಿಸ್ಮಸ್. ಬೆಳಿಗ್ಗೆ ಹತ್ತೂವರೆಗೆ ಬಾಗಿಲ ಗಂಟೆ ಬಾರಿಸಿತು. ಅವತ್ತು ಯಾರಾದರೂ ಬರುತ್ತಾರೆಂದು ನನ್ನ ಗಂಡ ನಂಬಿರಲಿಲ್ಲ. ನೀಲಿ ಸಮವಸ್ತ್ರ, ತಲೆಯ ಮೇಲೆ ಬಟ್ಟೆಯ ಹಿಮಸಾರಂಗದ ಕೊಂಬು, ಕೈಯಲ್ಲಿ ತೂಕದ ಯಂತ್ರ. ಮಿಡ್‌ವೈಫ್. ಕನ್ನಡದಲ್ಲಿ ಇದಕ್ಕೆ ಸೂಲಗಿತ್ತಿ ಎಂಬ ಒಳ್ಳೆಯ ಹೆಸರಿದೆ. ನಾವು ಅದನ್ನು ಹಳ್ಳಿಗೂ ಹಳೆಯ ಕಾಲಕ್ಕೂ ಬಿಟ್ಟುಬಿಟ್ಟಿದ್ದೇವೆ. ಇಲ್ಲಿ ಸೂಲಗಿತ್ತಿಯರು ಓದಿ, ಪರೀಕ್ಷೆ ಪಾಸಾಗಿ, ಸರ್ಕಾರಿ ಸಂಬಳ ಪಡೆದು, ಹೆರಿಗೆಯಾದ ಮೇಲೆ ಬಾಣಂತಿಯ ಮನೆಗೇ ಬರುತ್ತಾರೆ.

ಆಕೆ ನನ್ನನ್ನು ನೋಡುವ ಮೊದಲು ಮಗುವನ್ನು ನೋಡಿದಳು. ಬಟ್ಟೆಯನ್ನೆಲ್ಲ ಬಿಚ್ಚಿದಳು. ದೀಪ ಆರಿಸಲು ಹೇಳಿದಳು. ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ, ಆ ಬೂದು ಆಕಾಶದಿಂದ ಬರುತ್ತಿದ್ದ ಇಷ್ಟೇ ಇಷ್ಟು ಬೆಳಕಿಗೆ ಅವನನ್ನು ಎತ್ತಿ ಹಿಡಿದಳು. ಮೂಗಿನ ತುದಿ ಒತ್ತಿ ಬಿಟ್ಟಳು. ಎದೆ ಒತ್ತಿ ನೋಡಿದಳು. ಬೆರಳಿನಿಂದ ಬಾಯಿ ಅಗಲಿಸಿ ವಸಡು ನೋಡಿದಳು, ರೆಪ್ಪೆ ಬಿಡಿಸಿ ಕಣ್ಣಿನ ಬಿಳಿ ನೋಡಿದಳು. ನಮ್ಮಂಥ ಗೋಧಿ ಬಣ್ಣದ, ಕಪ್ಪು ಬಣ್ಣದ ಮಕ್ಕಳಲ್ಲಿ ಕಾಮಾಲೆ ಚರ್ಮದಲ್ಲಿ ಸುಲಭವಾಗಿ ಕಾಣುವುದಿಲ್ಲ, ವಸಡಿನಲ್ಲಿ, ಕಣ್ಣಿನಲ್ಲಿ ಹುಡುಕಬೇಕು, ಅದೂ ಹಗಲು ಬೆಳಕಿನಲ್ಲಿ ಎಂದು ಹೇಳುತ್ತಲೇ ಒಂದು ಪುಟ್ಟ ಯಂತ್ರ ತೆಗೆದು ಅವನ ಎದೆಗೆ ಒತ್ತಿದಳು. 284. ಈ ಯಂತ್ರದಲ್ಲಿ 250 ದಾಟಿದರೆ ರಕ್ತಪರೀಕ್ಷೆ ಆಗಲೇಬೇಕು. ತಲೆಯ ಮೇಲಿನ ಕೊಂಬನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಅದನ್ನು ನೋಡಿಯೇ ನನ್ನ ಕೈಕಾಲು ತಣ್ಣಗಾಯಿತು.

ಹುಟ್ಟಿದ ಮೊದಲ ವಾರದಲ್ಲಿ ಹತ್ತರಲ್ಲಿ ಆರು ಮಕ್ಕಳಿಗೆ ಕಾಮಾಲೆ ಕಾಣಿಸಿಕೊಳ್ಳುತ್ತದೆ, ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಎಳೆಯ ಯಕೃತ್ತಿಗೆ ಅದನ್ನು ಬೇಗ ಹೊರಹಾಕಲು ಬರುವುದಿಲ್ಲ. ಅಷ್ಟೇ ಆದರೆ ಚಿಂತೆಯಿಲ್ಲ. ಆದರೆ ಅದು ಮಿತಿಮೀರಿದರೆ ಮಿದುಳಿಗೆ ಇಳಿಯುತ್ತದೆ. ಕಿವಿ ಹೋಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು, ಜೀವಕ್ಕೇ ಬರಬಹುದು. ಹೀಗೆ ಏರುವಾಗ ಮಗು ಅಳುವುದಿಲ್ಲ, ಹಠ ಮಾಡುವುದಿಲ್ಲ. ತೂಕಡಿಸುತ್ತದೆ. ಸಾಧುವಾಗಿರುತ್ತದೆ.

ನಮ್ಮಲ್ಲಿ ಕಾರಿರಲಿಲ್ಲ. ಟ್ಯಾಕ್ಸಿಗೆ ಫೋನ್ ಮಾಡಿದರೆ ಎರಡು ಗಂಟೆ ಕಾಯಿರಿ ಅಂದರು. ನನ್ನ ಗಂಡ ಪಕ್ಕದ ಮನೆಯ ಬಾಗಿಲು ತಟ್ಟಿದ. ಅಲ್ಲಿದ್ದ ಅಜ್ಜ ನಿವೃತ್ತ ಲಾರಿ ಡ್ರೈವರ್. ನಾವು ಬಂದ ಎರಡು ವರ್ಷದಲ್ಲಿ ಹವಾಮಾನದ ಮಾತು ಬಿಟ್ಟರೆ ಬೇರೆ ಮಾತಾಡಿದವರಲ್ಲ. ಒಲೆಯಲ್ಲಿ ಟರ್ಕಿ ಬೇಯುತ್ತಿತ್ತು, ಮೊಮ್ಮಕ್ಕಳು ಬಂದಿದ್ದರು. ಇನ್ನೂ ಒಂದು ಗುಟುಕೂ ಕುಡಿದಿಲ್ಲ, ನಡೀರಿ ಎನ್ನುತ್ತಾ ಕಾರಿನ ಕೀಲಿ ತಂದರು. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ರಸ್ತೆಯಲ್ಲಿ ಒಂದೇ ಒಂದು ವಾಹನವಿರಲಿಲ್ಲ, ಆದರೂ ಕೆಂಪು ದೀಪ ಬಂದಲ್ಲೆಲ್ಲ ನಿಲ್ಲಿಸಿದರು. ನನಗೆ ಕಿರುಚಬೇಕೆನಿಸಿತ್ತು.

ರಕ್ತದಲ್ಲಿ 327 ಬಂತು. ವಯಸ್ಸನ್ನು ಗಂಟೆಗಳಲ್ಲಿ ಎಣಿಸುವ ಒಂದು ನಕ್ಷೆ ಇರುತ್ತದೆ. ಅದರಲ್ಲಿ ಎರಡು ಗೆರೆ. ಕೆಳಗಿನದನ್ನು ದಾಟಿದರೆ ಬೆಳಕಿನ ಚಿಕಿತ್ಸೆ, ಮೇಲಿನದನ್ನು ದಾಟಿದರೆ ಮಗುವಿನ ರಕ್ತವನ್ನೇ ಬದಲಿಸಬೇಕು. ನಮ್ಮವನ ಚುಕ್ಕಿ ಎರಡರ ನಡುವೆ ಬಿತ್ತು. ಬಟ್ಟೆಯಿಲ್ಲದೆ, ಡೈಪರ್ ಮಾತ್ರ ಹಾಕಿ, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ಹಾಲು ಕುಡಿಸುವಾಗ ಬಿಟ್ಟು ಎತ್ತಿಕೊಳ್ಳುವ ಹಾಗಿಲ್ಲ. ಮೂರು ಗಂಟೆಗೊಮ್ಮೆ ಅರ್ಧ ಗಂಟೆ. ಉಳಿದ ಹೊತ್ತು ನಾನು ಪಕ್ಕದ ಕುರ್ಚಿಯಲ್ಲಿ ಹಾಲು ಸೋರುವ ಎದೆ ಹಿಡಿದುಕೊಂಡು ಕೂತಿರುವುದು. ಊರೆಲ್ಲ ಕೆಂಪು ಹಸಿರು ದೀಪ ಹಚ್ಚಿಕೊಂಡ ರಾತ್ರಿ, ನಮ್ಮದೊಂದು ನೀಲಿ ದೀಪ.

ಈ ನೀಲಿ ದೀಪದ ಹಿಂದಿನ ಕಥೆ ನನಗೆ ಆಮೇಲೆ ಓದಲು ಸಿಕ್ಕಿತು. ಅಮ್ಮನಿಗೆ ಹೇಳಿದಾಗ ಅವಳು ಪಟ್ಟ ಖುಷಿಯನ್ನು ನೀವು ನೋಡಬೇಕಿತ್ತು. 1956ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ನರ್ಸ್ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಗಾಳಿ ಬಿಸಿಲು ಮಕ್ಕಳಿಗೆ ಒಳ್ಳೆಯದೆಂಬ ನಂಬಿಕೆ ಅವರದು. ಬಿಸಿಲಿದ್ದ ದಿನ ತೊಟ್ಟಿಲುಗಳನ್ನು ಅಂಗಳಕ್ಕೆ ತಳ್ಳಿಕೊಂಡು ಹೋಗುತ್ತಿದ್ದರು. ಒಂದು ದಿನ ಒಂದು ಮಗುವಿನ ಬಟ್ಟೆ ತೆಗೆದು ವೈದ್ಯರಿಗೆ ತೋರಿಸಿದರು. ಮೈಯೆಲ್ಲ ತಿಳಿ ಹಳದಿ, ಹೊದಿಕೆಯ ಮೂಲೆ ಮುಚ್ಚಿದ್ದ ಒಂದು ತ್ರಿಕೋನ ಮಾತ್ರ ಗಾಢ ಹಳದಿ. ಏನೋ ಬಣ್ಣ ಬಳಿದಿರಬೇಕೆಂದು ವೈದ್ಯರು ಭಾವಿಸಿದರಂತೆ. ಕೆಲವು ವಾರಗಳ ಮೇಲೆ ಕಿಟಕಿಯ ಬಳಿ ಬಿಸಿಲಿನಲ್ಲಿ ಉಳಿದುಹೋದ ಒಂದು ರಕ್ತದ ಕೊಳವೆಯಲ್ಲಿಯೂ ಬಿಲಿರುಬಿನ್ ಇಳಿದಿತ್ತು. ಅಲ್ಲಿಂದ ರಿಚರ್ಡ್ ಕ್ರೆಮರ್ ಮತ್ತು ಜೊತೆಗಾರರು ದೀಪದ ತೊಟ್ಟಿಲು ಮಾಡಿ, 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಬೆಳಕು, ಅದರಲ್ಲೂ ನೀಲಿ ಬೆಳಕು, ಚರ್ಮದಲ್ಲಿರುವ ಬಿಲಿರುಬಿನ್‌ನ ಆಕಾರವನ್ನು ಬದಲಿಸುತ್ತದೆ. ಆಗ ಅದು ಯಕೃತ್ತಿಗೆ ಕಾಯದೆ ಮಲಮೂತ್ರದಲ್ಲಿ ಹೊರಟುಹೋಗುತ್ತದೆ.

"ನೋಡ್ದಾ, ನಮ್ಮಜ್ಜಿಗೆ ಗೊತ್ತಿತ್ತು" ಅಂದಳು ಅಮ್ಮ. ಪೂರ್ತಿ ಹಾಗಲ್ಲ. ಬಿಸಿಲನ್ನು ಚಿಕಿತ್ಸೆಯಾಗಿ ಬಳಸಬೇಡಿ ಎಂದೇ ಇಲ್ಲಿನ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಬಿಸಿಲಿನ ಪ್ರಮಾಣ ಅಳೆಯಲಾಗುವುದಿಲ್ಲ, ಎಳೆಯ ಚರ್ಮ ಸುಡುತ್ತದೆ, ಬಿಸಿಲಿಗೆ ಹಿಡಿದೆವೆಂಬ ಸಮಾಧಾನದಲ್ಲಿ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ. ಆದರೆ ಮಗುವನ್ನು ದಿನಾ ಹೊರಗೆ ತಂದು ಬೆಳಕಿನಲ್ಲಿ ಬಟ್ಟೆ ಬಿಚ್ಚಿ ನೋಡುವ ಅಜ್ಜಿಗೆ ಹಳದಿ ಕಂಡೇ ಕಾಣುತ್ತದಲ್ಲ? ಎಳೆಬಿಸಿಲಿನ ಶಾಸ್ತ್ರದಲ್ಲಿ ಬಿಸಿಲಿಗಿಂತ ಆ ನೋಟವೇ ಹೆಚ್ಚು ಕೆಲಸದ್ದು ಅಂತ ನನಗನಿಸುತ್ತದೆ.

ಆ ರಾತ್ರಿ ಪಾಳಿಯಲ್ಲಿದ್ದ ನರ್ಸ್ ಕೊಟ್ಟಾಯಂ ಕಡೆಯವರು. ನನ್ನ ಹೆಸರು, ಊರು ನೋಡಿದವರೇ "ಊಟ ಆಯ್ತಾ?" ಅಂದರು. ನನಗೆ ಅಳು ಬಂತು. ನರ್ಸಿಂಗ್ ಓದಿದ್ದು ಮಂಗಳೂರಿನಲ್ಲಂತೆ, ಹಾಸ್ಟೆಲಿನಲ್ಲಿ ಕಲಿತ ಕನ್ನಡ. ಕಳೆದ ವರ್ಷ ಕ್ರಿಸ್ಮಸ್ಸಿಗೆ ರಜೆ ಸಿಕ್ಕಿತ್ತು, ಈ ವರ್ಷ ಡ್ಯೂಟಿ. ಮಕ್ಕಳನ್ನು ಗಂಡ ಚರ್ಚಿಗೆ ಕರೆದುಕೊಂಡು ಹೋಗಿದ್ದಾರೆ ಅಂದರು. ಟಿಶ್ಯೂ ಪೇಪರಿನಲ್ಲಿ ಸುತ್ತಿದ ಪ್ಲಮ್ ಕೇಕಿನ ತುಂಡು ಕೊಟ್ಟರು. ರಾತ್ರಿ ಎರಡಕ್ಕೆ ನಾನದನ್ನು ನೀಲಿ ಬೆಳಕಿನಲ್ಲಿ ತಿಂದೆ.

ಫೋನು ತೆರೆದರೆ ಕನ್ನಡದ ಗೋಡೆಗಳಲ್ಲೆಲ್ಲ ಒಂದೇ ಮುಖ. ಸೂಲಗಿತ್ತಿ ನರಸಮ್ಮ ಅವತ್ತು, ಡಿಸೆಂಬರ್ 25ರಂದು, ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಆ ಹಿರಿಯ ಜೀವ ಶಾಲೆಯ ಮುಖ ಕಂಡವರಲ್ಲ, ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ ಎಪ್ಪತ್ತು ವರ್ಷ, 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಒಂದು ಕಾಸು ಪಡೆಯದೆ ಮಾಡಿಸಿದವರು. ಅದೇ ವರ್ಷ ಪದ್ಮಶ್ರೀ ಬಂದಿತ್ತು. ಫೋಟೋದಲ್ಲಿ ಅವರ ಕೈಗಳನ್ನು ದೊಡ್ಡದು ಮಾಡಿ ನೋಡಿದೆ. ಬೆಳಿಗ್ಗೆ ನನ್ನ ಮಗನನ್ನು ಕಿಟಕಿಗೆ ಎತ್ತಿ ಹಿಡಿದ ಆಕೆಯ ಹೆಸರು ಏನು ಹೇಳಿದ್ದಳು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

26ರ ಮಧ್ಯಾಹ್ನಕ್ಕೆ 268ಕ್ಕೆ ಇಳಿಯಿತು. ದೀಪ ಆರಿಸಿದರು. ದೀಪ ಆರಿಸಿದ ಮೇಲೆ ಮತ್ತೆ ಏರಬಹುದೆಂದು ಇನ್ನೊಂದು ರಾತ್ರಿ ಇಟ್ಟುಕೊಂಡು ಬೆಳಿಗ್ಗೆ ಮತ್ತೆ ಹಿಮ್ಮಡಿ ಚುಚ್ಚಿದರು. 254. ಆ ಚುಚ್ಚಿಗೆ ಅವನು ಮೊಟ್ಟಮೊದಲ ಬಾರಿ ವಾರ್ಡು ಹಾರಿಹೋಗುವಂತೆ ಅತ್ತ. ನಾವಿಬ್ಬರೂ ನಕ್ಕೆವು. ಮನೆಗೆ ಬಂದಾಗ ಬಾಗಿಲ ಬಳಿ ಫಾಯಿಲ್ ಮುಚ್ಚಿದ ತಟ್ಟೆಯಿತ್ತು. ನಾವು ಮಾಂಸ ತಿನ್ನುವುದಿಲ್ಲವೆಂದು ಅಜ್ಜ ಹೇಗೆ ತಿಳಿದುಕೊಂಡಿದ್ದರೋ, ಬರೀ ಹುರಿದ ಆಲೂಗಡ್ಡೆ.

ಅಮ್ಮ ಬಂದದ್ದು ಮಾರ್ಚಿನಲ್ಲಿ. ಅಷ್ಟು ಹೊತ್ತಿಗೆ ಮಗನ ಮೈ ತುಂಬಿತ್ತು, ಕಣ್ಣು ಅಚ್ಚ ಬಿಳಿ. ಲೇಹ್ಯದ ಡಬ್ಬಿ ಸುಂಕದವರ ಕಣ್ಣು ತಪ್ಪಿಸಿ ಬಂದಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಕೆಳಗಿಳಿದರೆ, ಇನ್ನೂ ಸರಿಯಾಗಿ ಬಗ್ಗದ ಆ ಬಲಗೈಯನ್ನು ಆನಿಸಿ ಮೊಮ್ಮಗನನ್ನು ಎತ್ತಿಕೊಂಡು ಹಿತ್ತಲ ಬಾಗಿಲ ಗಾಜಿನ ಬಳಿ ನಿಂತಿದ್ದಾಳೆ. ಅಪರೂಪಕ್ಕೆ ಬಿಸಿಲಿತ್ತು. "ಅಮ್ಮಾ, ಡಾಕ್ಟ್ರು ಬೇಡ ಅಂದಿದಾರೆ ಅಂತ ಹೇಳಿದ್ನಲ್ಲ" ಅಂದೆ.

"ಅಯ್ಯೋ, ಬಿಸಿಲಿಗೆ ಯಾರು ಹಿಡಿದ್ರು? ಅಳಿಲು ತೋರಿಸ್ತಿದೀನಿ" ಅಂದಳು, ಅವನ ಅಂಗಿಯ ಗುಂಡಿ ಬಿಚ್ಚುತ್ತಾ.