ಹಸಿ ಗೋಡೆ ಮತ್ತು ಬೀಗರು

ಗೋಡೆಗೂ ನೆಗಡಿಯಾಗುತ್ತೆ ಅಂದ್ರೆ ನಗ್ತೀರೇನೋ. ನಮ್ಮನೇಲಿ ಆಯ್ತು ನೋಡಿ!

ಕಳೆದ ಶ್ರಾವಣದಲ್ಲಿ ಅಪ್ಪನ ರೂಮಿನ ಗೋಡೆ, ಸರಿಯಾಗಿ ಮಂಚದ ತಲೆಭಾಗದಲ್ಲಿ, ಅಂಗೈಯಗಲ ಕಪ್ಪಾಯಿತು. ವಾರದೊಳಗೆ ಬಣ್ಣ ಗುಳ್ಳೆಯೆದ್ದು ಹಪ್ಪಳದ ಥರ ಉದುರತೊಡಗಿತು. ಪ್ಲಂಬರ್ ಬಂದು ಆಚೆ ಬದಿಯ ಬಚ್ಚಲಮನೆಯ ಟೈಲ್ಸ್ ಒಡೆದರೆ, ಗೋಡೆಯೊಳಗಿನ ಪೈಪಿನ ಎಲ್ಬೋ ಬಿರುಕು ಬಿಟ್ಟು ಜಿನುಗುತ್ತಿತ್ತು. ಅದನ್ನು ಬದಲಾಯಿಸಿದ್ದು ಅರ್ಧ ದಿನದ ಕೆಲಸ. ರಾಮಾಯಣ ಶುರುವಾಗಿದ್ದೇ ಆಮೇಲೆ.

ಮೂರು ವಾರಕ್ಕೆ ತಂಗಿಯ ಸೀಮಂತ. ಪೇಂಟರ್ ಗೋಡೆ ತಟ್ಟಿ ನೋಡಿ, "ಎರಡು ಕೋಟ್ ಪುಟ್ಟಿ ಎಳೆದು ಬಣ್ಣ ಹೊಡೆದುಬಿಡ್ತೀನಿ ಸಾರ್, ಎರಡೇ ದಿನ" ಅಂದ. ಅಮ್ಮನಿಗೂ ಅದೇ ಬೇಕಿತ್ತು. "ಬೀಗರು ಬರ್ತಾರೆ ಕಣೋ, ಈ ಗೋಡೆ ನೋಡಿ ಏನಂದ್ಕೋತಾರೆ?"

ಆದ್ರೆ ಅಪ್ಪನಿಗೆ ಉಬ್ಬಸ. ಗೋಡೆಯೊಳಗೆ ನೀರಿಟ್ಟು ಮೇಲೆ ಬಣ್ಣ ಮುಚ್ಚಿದರೆ ತೇವಕ್ಕೆ ಹೊರಬರೋ ದಾರಿ ಇರಲ್ಲ. ಬಣ್ಣವನ್ನೇ ತಳ್ಳಿಕೊಂಡು ಬರುತ್ತೆ, ಬೂಷ್ಟು ಹಿಡಿಯುತ್ತೆ. ಆ ಬೂಷ್ಟು ಉಬ್ಬಸದವರ ಎದೆಗೆ ಶತ್ರು. "ಗೋಡೆ ಹಾಗೇ ಇರ್ಲಿ" ಅಂದೆ. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅಪ್ಪ ಮಾತಾಡದೆ ಹಾಸಿಗೆ ಸುತ್ತಿಕೊಂಡು ಹಾಲಿಗೆ ಬಂದರು.

ಸಡಿಲವಾದ ಗಾರೆಯನ್ನು, ಕಲೆಯಿಂದ ಒಂದಡಿ ಆಚೆಯವರೆಗೂ, ಇಟ್ಟಿಗೆ ಕಾಣುವಂತೆ ಕೆತ್ತಿಸಿದೆವು. ಕಿಟಕಿ ತೆಗೆದು ಟೇಬಲ್ ಫ್ಯಾನ್ ಹಚ್ಚಿಟ್ಟೆವು. ನಾಲ್ಕೇ ದಿನಕ್ಕೆ ಇಟ್ಟಿಗೆ ಮೇಲೆ ಬಿಳೀ ಪುಡಿ ಅರಳಿತು. ಇಟ್ಟಿಗೆ, ಸಿಮೆಂಟಿನೊಳಗಿನ ಲವಣ ನೀರಲ್ಲಿ ಕರಗಿ ಹೊರಬಂದು, ನೀರು ಆರಿದ ಮೇಲೆ ಉಳಿಯೋ ಉಪ್ಪು ಅದು. ಒಣ ಬ್ರಷ್‌ನಲ್ಲೇ ಗುಡಿಸಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕರಗಿ ವಾಪಸ್ ಒಳಗೇ ಹೋಗುತ್ತೆ.

ಸೀಮಂತದ ದಿನ ಬೀಗಿತ್ತಿ ಸೀದಾ ಅದೇ ರೂಮಿಗೆ ಬಂದರು. ಅಮ್ಮನ ಮುಖ ನೋಡೋ ಹಾಗಿರಲಿಲ್ಲ. ಅವರು ಗೋಡೆ ನೋಡಿ, ಮೆತ್ತಗೆ, "ನಮ್ಮನೇಲೂ ಹಿಂಗೇ ಆಗಿದೆ ಕಣ್ರೀ, ಬೀರು ಅಡ್ಡ ಇಟ್ಟಿದೀವಿ" ಅಂದರಂತೆ!

ಇಂಚಿಗೊಂದು ತಿಂಗಳು ಅನ್ನೋದು ಗೋಡೆ ಒಣಗೋ ಅಂದಾಜು ಲೆಕ್ಕ. ನಮ್ಮದು ನಾಲ್ಕೂವರೆ ಇಂಚಿನ ಗೋಡೆ. ಆ ಕಡೆ ಟೈಲ್ಸ್ ಇರೋದ್ರಿಂದ ಒಣಗೋಕೆ ಈ ಕಡೆ ಒಂದೇ ದಾರಿ. ಗೋಡೆಗೆ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡೋದು, ಒಳಮೈ ಬೆವರಿದ್ದರೆ ಇನ್ನೂ ಹಸಿ ಅಂತ ಅರ್ಥ. ನವೆಂಬರಿನಲ್ಲೂ ಬೆವರಿತ್ತು. ಡಿಸೆಂಬರಿನಲ್ಲಿ ಒಣಗಿತು. ಆಮೇಲೆ ಹೊಸ ಗಾರೆ, ಅದು ಆರೋಕೆ ಒಂದು ತಿಂಗಳು, ಬಿಳಿ ಸಿಮೆಂಟಿನ ಪುಟ್ಟಿ, ಪ್ರೈಮರ್. ಬಣ್ಣ ಕಂಡಿದ್ದು ಸಂಕ್ರಾಂತಿ ಕಳೆದ ಮೇಲೆ. ಮಂಚವನ್ನೀಗ ಗೋಡೆಯಿಂದ ಒಂದು ಗೇಣು ದೂರ ಹಾಕಿದ್ದೇವೆ, ಗಾಳಿಯಾಡಲಿ ಅಂತ. ಅಪ್ಪ ಅಲ್ಲೇ ಮಲಗ್ತಾರೆ.

ಅಮ್ಮ ಮಾತ್ರ ಬೀಗಿತ್ತಿಗೆ ಫೋನಿನಲ್ಲಿ ಪಾಠ ಮಾಡ್ತಿದಾಳೆ: "ಬಣ್ಣ ಆಮೇಲೆ ಕಣ್ರೀ, ಮೊದ್ಲು ಬೀರು ಸರಿಸಿ!"

ನೀವೂ ಒಂದ್ಸಲ ಬೀರುವಿನ ಹಿಂದೆ ಇಣುಕಿ ನೋಡಿ.