ಬಿಸಿಯಲ್ಲೇ ಹಿಡಿಯಬೇಕಾದ ಕಾಯಿಲೆ

ಬೆಳಿಗ್ಗೆ ಒಂದೇ ಒದೆತಕ್ಕೆ ಸ್ಟಾರ್ಟ್ ಆಗುವ ಮೋಟಾರ್‌ಸೈಕಲ್ಲು, ಮಧ್ಯಾಹ್ನ ಚಹಾದಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಏಳಲು ಒಪ್ಪುವುದಿಲ್ಲ. ಒದ್ದು ಒದ್ದು ಅಂಗಿ ತೊಯ್ಯುತ್ತದೆ. ಸುತ್ತ ನಿಂತವರ ಸಲಹೆಗಳು ಒಂದೊಂದಾಗಿ ಬರುತ್ತವೆ. ಅರ್ಧ ಗಂಟೆ ಕಳೆದು ಎಂಜಿನ್ ತಣ್ಣಗಾದ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ ಗಾಡಿ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿಯೂ ಒಂದೇ ಒದೆತ. "ಏನೂ ತೊಂದ್ರೆ ಇಲ್ವಲ್ಲ ಸಾರ್" ಎನ್ನುತ್ತಾನೆ ಮೆಕ್ಯಾನಿಕ್. ಹಕೀಮರ ಎದುರು ಕುಳಿತಾಗ ಮಾತ್ರ ನಬ್ಜ್ ಸರಿಯಾಗಿ ಬಡಿಯುವ ರೋಗಿಯ ಹಾಗೆ.

ನಮ್ಮ ಯೆಜ್ಡಿಗೆ ಈ ಕಾಯಿಲೆ ಎರಡು ಬೇಸಿಗೆ ಅಂಟಿಕೊಂಡಿತ್ತು. ಮೈಸೂರಿನವರಿಗೆ ಯೆಜ್ಡಿ ಎಂದರೆ ಮನೆಮಗಳಿದ್ದಂತೆ. 1960ರ ದಶಕದ ಆರಂಭದಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಗಾಡಿಗಳು ಮೊದಲು ಜಾವಾ ಎನಿಸಿಕೊಂಡು, 1973ರಿಂದ ಯೆಜ್ಡಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಬೇರೆ ಕಂಪನಿಯ ಕೈಯಲ್ಲಿ ಹೊಸ ರೂಪದಲ್ಲಿ ಮರಳಿದವು, ನಿಜ. ಆದರೆ ಗೇರಿನ ಕೋಲನ್ನೇ ಮೇಲೆತ್ತಿ ಕಿಕ್ಕರ್ ಮಾಡಿಕೊಳ್ಳುವ ಆ ಹಳೆಯ ಎರಡು ಸ್ಟ್ರೋಕಿನ ಗಾಡಿಗಳು ಇಂದಿಗೂ ಓಡುತ್ತಿರುವುದು ಮೊಹಲ್ಲಾಗಳ ಮಿಸ್ತ್ರಿಗಳ ಕೈಗುಣದಿಂದ.

ಬಿಸಿಯಾದಾಗ ಗಾಡಿ ಏಕೆ ಕೈಕೊಡುತ್ತದೆ? ಓಡುವಾಗ ಎದುರು ಗಾಳಿ ಎಂಜಿನ್ನಿನ ಬಿಸಿಯನ್ನು ಹೊತ್ತೊಯ್ಯುತ್ತಿರುತ್ತದೆ. ನಿಲ್ಲಿಸಿದೊಡನೆ ಗಾಳಿ ನಿಂತಿತು, ಬಿಸಿ ಉಳಿಯಿತು. ಅದು ನಿಧಾನವಾಗಿ ಕಾರ್ಬುರೇಟರಿಗೂ ಮಗ್ಗುಲ ಭಾಗಗಳಿಗೂ ಹರಿಯುತ್ತದೆ. ನಿಂತ ಮೇಲಿನ ಐದು ಹತ್ತು ನಿಮಿಷಗಳೇ ಕೆಟ್ಟ ಗಳಿಗೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಆ ಆವಿ ಸೇರಿ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗಬಹುದು. ಕಿಡಿಗೆ ಬೇಕಾದ ವಿದ್ಯುತ್ತು ಕೊಡುವ ಕಾಯಿಲಿನೊಳಗೆ ಕೂದಲಿನಷ್ಟು ತೆಳುವಾದ ತಂತಿಯ ಸಾವಿರಾರು ಸುತ್ತುಗಳಿರುತ್ತವೆ. ಎಲ್ಲೋ ಒಂದು ಕಡೆ ಬಿರುಕು ಬಿಟ್ಟ ತಂತಿ ತಣ್ಣಗಿದ್ದಾಗ ಕೂಡಿಕೊಂಡಿದ್ದು, ಬಿಸಿಗೆ ಹಿಗ್ಗಿ ದೂರ ಸರಿಯಬಹುದು. ಸಿಬಿ ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಬಿಸಿಗೆ ಸೋರತೊಡಗಿದರೆ ಪಾಯಿಂಟಿನಲ್ಲೇ ಕಿಡಿ ಹಾರಿ, ಪ್ಲಗ್ಗಿಗೆ ತಲುಪುವುದು ಸಪ್ಪೆಯಾಗುತ್ತದೆ. ಬುಲೆಟ್ಟು, ಸ್ಪ್ಲೆಂಡರಿನಂಥ ನಾಲ್ಕು ಸ್ಟ್ರೋಕಿನ ಗಾಡಿಯಾದರೆ ವಾಲ್ವನ್ನೂ ನೋಡಬೇಕು. ಅಂತರ ತೀರಾ ಬಿಗಿಯಾಗಿದ್ದರೆ, ಬಿಸಿಗೆ ಹಿಗ್ಗಿದ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರಿಹೋಗುತ್ತದೆ.

ಹೊರಗೆ ಕಾಣುವುದು ಒಂದೇ ಕಾಯಿಲೆ, ಒಳಗಿನ ಕಾರಣ ನಾಲ್ಕಾರು. ನಮ್ಮ ಯೆಜ್ಡಿಯನ್ನು ನೋಡಿದ ಮೊದಲ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ತೊಳೆದ. ಎರಡನೆಯವನು ಅದನ್ನೇ ಬದಲಾಯಿಸಿದ. ಕಾರ್ಬುರೇಟರ್ ಎದುರಿಗೇ ಕಾಣುತ್ತದೆ, ಬಿಚ್ಚಲು ಸುಲಭ, ಅದರ ಮೇಲೆ ಅನುಮಾನ ಪಡುವುದೂ ಸುಲಭ. ಇಬ್ಬರೂ ತಣ್ಣಗಿನ ಗಾಡಿಯನ್ನು ನೋಡಿ, ಬಿಸಿಯ ಕಾಯಿಲೆಗೆ ಮದ್ದು ಕೊಟ್ಟಿದ್ದರು.

ಮೂರನೆಯವರು ಎಪ್ಪತ್ತರ ಹತ್ತಿರದ ಉಸ್ತಾದ್. ನಾವು ಹೇಳಿದ್ದನ್ನೆಲ್ಲ ಕೇಳಿದ ಅವರು ಗಾಡಿಗೆ ಪಾನಾ ಮುಟ್ಟಿಸಲಿಲ್ಲ. "ಗರಮ್ ಕಾ ಮರ್ಜ್ ಗರಮ್ ಮೇಂಚ್ ದಿಸ್ತಾ ಭಾಯ್" ಎಂದರು. ಬಿಸಿಯ ಕಾಯಿಲೆ ಬಿಸಿಯಲ್ಲೇ ಕಾಣುವುದು. ಏಪ್ರಿಲ್ ತಿಂಗಳ ಮಧ್ಯಾಹ್ನ, ಜೇಬಿನಲ್ಲಿ ಒಂದು ಪ್ಲಗ್ಗು, ಒಂದು ಕಂಡೆನ್ಸರ್, ಎರಡು ತುಂಡು ವೈರು ಹಾಕಿಕೊಂಡು, ನಮ್ಮನ್ನು ಹಿಂದೆ ಕೂರಿಸಿ ಶ್ರೀರಂಗಪಟ್ಟಣದ ದಾರಿ ಹಿಡಿದರು. ಕಾವೇರಿ ದಾಟಿದ ಮೇಲೆ ಗಾಡಿ ನಿಲ್ಲಿಸಿ ಹತ್ತು ನಿಮಿಷ ಮರದ ನೆರಳಲ್ಲಿ ಕಾದರು. ಒದ್ದಾಗ ಸ್ಟಾರ್ಟ್ ಆಗಲಿಲ್ಲ. ಅವರ ಮುಖದಲ್ಲಿ ಸಂತೋಷ ಕಂಡಿತು.

ಆಮೇಲೆ ಅವರು ಮಾಡಿದ್ದನ್ನು ಅದೇ ಕ್ರಮದಲ್ಲಿ ಬರೆಯುತ್ತೇವೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮೊದಲು ಟ್ಯಾಂಕಿನ ಮುಚ್ಚಳ ತೆರೆದು ಕಿವಿಗೊಟ್ಟರು. ಮುಚ್ಚಳದ ಗಾಳಿಯ ತೂತು ಕಟ್ಟಿದ್ದರೆ ಗಾಳಿ ಒಳನುಗ್ಗುವ ಸದ್ದು ಕೇಳುತ್ತದೆ. ಕೇಳಲಿಲ್ಲ. ಚೋಕ್ ಎಳೆಯದೆ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ನಾಲ್ಕು ಸಲ ಒದ್ದರು. ಪೆಟ್ರೋಲ್ ಓವರ್ ಆಗಿದ್ದರೆ ಇದರಲ್ಲಿ ಸರಿಯಾಗಬೇಕು. ಆಗಲಿಲ್ಲ. ಮುಚ್ಚಳ ಭದ್ರಪಡಿಸಿ, ಪ್ಲಗ್ಗಿನ ಕ್ಯಾಪ್ ಕಿತ್ತು ಜೇಬಿನ ಪ್ಲಗ್ಗಿಗೆ ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿ ಒದ್ದರು. ನೀಲಿಯಾಗಿ ಚಟ್ಟೆನ್ನಬೇಕಾದ ಕಿಡಿ ಹಳದಿಯಾಗಿ ಸತ್ತಂತಿತ್ತು. ಅಲ್ಲಿಗೆ ಕಾರ್ಬುರೇಟರ್ ನಿರಪರಾಧಿ ಎಂದಾಯಿತು. ಇನ್ನು ಕಾಯಿಲೋ ಕಂಡೆನ್ಸರೋ? ಒದ್ದೆ ಬಟ್ಟೆಯನ್ನು ಕಾಯಿಲಿಗೆ ಒತ್ತಿ ತಣ್ಣಗೆ ಮಾಡಿದರು. ಕಿಡಿ ಬದಲಾಗಲಿಲ್ಲ. ಬಿಸಿ ಎಂಜಿನ್ನಿನ ಮೇಲೆ ಮಾತ್ರ ನೀರು ಸುರಿಯಬಾರದು, ಕಬ್ಬಿಣ ಸೀಳೀತು ಎಂದು ಎಚ್ಚರಿಸಿದರು. ಕೊನೆಗೆ ಹಳೆಯ ಕಂಡೆನ್ಸರಿನ ವೈರು ಬಿಡಿಸಿ, ಜೇಬಿನಲ್ಲಿದ್ದುದನ್ನು ಹೊರಗಿನಿಂದಲೇ ಜೋಡಿಸಿದರು. ಮೊದಲ ಒದೆತಕ್ಕೇ ಗಾಡಿ ಹೊಗೆಯುಗುಳಿ ಎದ್ದಿತು. ಹೆಬ್ಬೆರಳಿನ ತುದಿಯಷ್ಟು ದೊಡ್ಡದಿಲ್ಲದ ಒಂದು ಡಬ್ಬಿ ಎರಡು ಬೇಸಿಗೆ ಆಟವಾಡಿಸಿತ್ತು.

ಕಾಯಿಲೆಯನ್ನು ಅದರ ಗಳಿಗೆಯಲ್ಲೇ ನೋಡಬೇಕು, ಅನುಮಾನಗಳನ್ನು ಒಂದೊಂದಾಗಿ ಪರೀಕ್ಷಿಸಿ ಬಿಡುಗಡೆ ಮಾಡಬೇಕು. ಉಸ್ತಾದರ ವಿದ್ಯೆಯೆಲ್ಲ ಇಷ್ಟೇ. ಊರುಗಳ ವಿಷಯದಲ್ಲಿ ಇಷ್ಟನ್ನೂ ಮಾಡುವವರು ಕಡಿಮೆ. ಒಂದು ಮೆರವಣಿಗೆಯೋ ಒಂದು ಗಾಳಿಮಾತೋ ಬಿಸಿ ಏರಿಸಿದ ದಿನ ಊರು ನಿಂತುಹೋಗುತ್ತದೆ. ವಾರ ಕಳೆದು ಶಾಂತಿ ಸಭೆ ಕೂಡುವ ಹೊತ್ತಿಗೆ ಎಲ್ಲ ತಣ್ಣಗಾಗಿರುತ್ತದೆ. ಚಹಾ ಬಿಸ್ಕತ್ತಿನ ನಡುವೆ ಎರಡೂ ಕಡೆಯ ಹಿರಿಯರು ಕೈಕುಲುಕುತ್ತಾರೆ. ಏನೂ ತೊಂದರೆ ಇಲ್ಲವಲ್ಲ ಎಂದು ಎಲ್ಲರೂ ಎದ್ದು ಹೋಗುತ್ತಾರೆ. ಸೋರುವ ಕಂಡೆನ್ಸರ್ ಒಳಗೇ ಉಳಿಯುತ್ತದೆ. ಇನ್ನು ಎದುರಿಗೆ ಕಾಣುವುದರ ಮೇಲೆ ಮೊದಲು ಅನುಮಾನ ಪಡುವ ಚಾಳಿ. ಬೇರೆಡೆಯ ದೋಷಕ್ಕೆ ಮತ್ತೆ ಮತ್ತೆ ಬಿಚ್ಚಿಸಿಕೊಳ್ಳುವ ಕಾರ್ಬುರೇಟರಿನ ಪಾಡು ಏನೆಂದು ನಮ್ಮ ಮೊಹಲ್ಲಾದ ಹುಡುಗರಿಗೆ ಯಾರೂ ವಿವರಿಸಬೇಕಿಲ್ಲ.

ಆ ಹುಡುಗರಲ್ಲಿ ಎಷ್ಟೋ ಮಂದಿ ಶಾಲೆ ಬಿಟ್ಟು ಗ್ಯಾರೇಜು ಸೇರಿದವರು. ಮುಸ್ಲಿಮರು ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯಲ್ಲೇ ಹೆಚ್ಚಾಗಿದ್ದಾರೆ, ವಾಹನ ರಿಪೇರಿ ಅಂಥ ಕಸುಬುಗಳಲ್ಲೊಂದು ಎಂದು 2006ರ ಸಾಚಾರ್ ಸಮಿತಿಯ ವರದಿ ಅಂಕಿಅಂಶ ಸಮೇತ ಹೇಳಿತ್ತು. ಈಗ ಆ ಕಸುಬೂ ಬದಲಾಗುತ್ತಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ದೋಷವನ್ನು ಹುಡುಕಲು ಯಂತ್ರ ಬೇಕು, ಯಂತ್ರ ಓದಲು ಅಕ್ಷರ ಬೇಕು. ಹುಡುಗರನ್ನು ಶಾಲೆಯಲ್ಲಿ ಉಳಿಸಿಕೊಳ್ಳದೆ ಈ ಕಸುಬನ್ನು ಉಳಿಸಿಕೊಳ್ಳಲಾಗದು. ಆದರೂ ಬಿಸಿಯಾದಾಗ ಮಾತ್ರ ಕೈಕೊಡುವ ಸೆನ್ಸರುಗಳು ಈ ಗಾಡಿಗಳಲ್ಲೂ ಇವೆ. ಅಲ್ಲಿಯೂ ಯಾರಾದರೂ ಗಾಡಿಯ ಜೊತೆ ಬಿಸಿಲಿಗೆ ಹೋಗಲೇಬೇಕು.

ಉಸ್ತಾದರ ಗ್ಯಾರೇಜಿನಲ್ಲಿ ಈಗ ಅವರ ಮೊಮ್ಮಗ ಕೂರುತ್ತಾನೆ, ಐಟಿಐ ಓದಿದವನು. ಮೊನ್ನೆ ಮಂಡ್ಯದ ಕಡೆಯ ರೈತರೊಬ್ಬರು ಗಾಡಿ ತಳ್ಳಿಕೊಂಡು ಬಂದು, ಕಾರ್ಬುರೇಟರ್ ಕೆಟ್ಟಿದೆ ಬದಲಾಯಿಸಪ್ಪ ಎಂದರು. ಹುಡುಗ ಕೈಯೊರೆಸಿಕೊಂಡು, "ಗೌಡ್ರೇ, ಬಿಸಿ ಆದಾಗ ನಿಲ್ತದಾ, ತಣ್ಣಗಿದ್ದಾಗ್ಲೂ ನಿಲ್ತದಾ?" ಎಂದು ಕೇಳಿದ. "ಬಿಸಿ ಆದಾಗ ಕಣಪ್ಪ" ಎಂದರು ಗೌಡರು. ಹುಡುಗ ಒಂದು ಪ್ಲಗ್ಗನ್ನು ಜೇಬಿಗೆ ಹಾಕಿಕೊಂಡು, ಕೀ ಕೊಡಿ ಎಂದು ಕೈ ಚಾಚಿದ.