ಬೀಗವೂ ಬೀಗದ ಕೈಯೂ

ರಾಜಾನುಕುಂಟೆಯ ನಮ್ಮ ಮನೆಯ ಗಣಕಯಂತ್ರವು 5 ನಿಮಿಷ ಸುಮ್ಮನಿದ್ದರೆ ನಿದ್ರೆಹೋಗಿ, ಎಬ್ಬಿಸಿದೊಡನೆ ಪಾಸ್‌ವರ್ಡನ್ನು ಕೇಳುತ್ತಿದ್ದಿತು. ಅಮರಕೋಶದಲ್ಲೊಂದು ಪದವನ್ನು ನೋಡಿ ತಲೆಯೆತ್ತುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ! ಬೇಸತ್ತು, ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ಅಕೌಂಟ್ಸ್, ಅಲ್ಲಿಂದ ಸೈನ್-ಇನ್ ಆಪ್ಷನ್ಸ್ ಹೊಕ್ಕು, 'ನೆವರ್' ಎಂಬುದನ್ನು ಒತ್ತಿದೆವು. ಒಂದು ಮಧ್ಯಾಹ್ನ ನೆರೆಮನೆಯ ಮಗುವು ಆಟವಾಡುತ್ತ ನಮ್ಮ ಎರಡು ತಿಂಗಳ ಬರಹವನ್ನು ಅಳಿಸಿಬಿಟ್ಟಿತು. ಒಡನೆಯೇ ಬೀಗವನ್ನು ಮರಳಿ ಹಾಕಿ, ಹೊಸ ಪಾಸ್‌ವರ್ಡನ್ನು ಯಾರಿಗೂ ತಿಳಿಸದೆ ಇಟ್ಟುಕೊಂಡೆವು.

ಕಳೆದ ಶ್ರಾವಣದಲ್ಲಿ ಎದೆನೋವಿನಿಂದ ಆಸ್ಪತ್ರೆಯನ್ನು ಸೇರಿದೆವು. ವಿಮೆಯ ಕಾಗದಗಳೆಲ್ಲ ಯಂತ್ರದೊಳಗೆ. ಮನೆಯವರು ರಾತ್ರಿಯೆಲ್ಲ ಅದರ ಮುಂದೆ ಕುಳಿತರೂ ಬಾಗಿಲು ತೆರೆಯಲಿಲ್ಲ. ನಾವು ಚೇತರಿಸಿಕೊಂಡ ಮೇಲೆ ಅವರು ಕೇಳಿದುದು ಇಷ್ಟೆ: "ನನ್ನನ್ನೂ ಕಳ್ಳರ ಸಾಲಿಗೆ ಸೇರಿಸಿದಿರಾ?" ನಾವು ನಿರುತ್ತರರಾದೆವು.

1960ರ ದಶಕದ ಮೊದಲಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಕಾರ್ಬಾಟೋ ಎಂಬ ವಿದ್ವಾಂಸರು ಗಣಕಕ್ಕೆ ಪಾಸ್‌ವರ್ಡನ್ನು ತಂದುದು, ಒಂದೇ ಯಂತ್ರವನ್ನು ಬಳಸುವ ಹಲವರ ಕಡತಗಳು ಬೇರೆಬೇರೆಯಾಗಿರಲೆಂದು; ಮನೆಯವರನ್ನು ಹೊರಗೆ ನಿಲ್ಲಿಸಲೆಂದಲ್ಲ. ಈಗ ನಮ್ಮ ಯಂತ್ರವು 15 ನಿಮಿಷ ಕಾಯುತ್ತದೆ. ಪಾಸ್‌ವರ್ಡು ಉದ್ದವಾದುದು, ಮೇಲಿಂದ ಮೇಲೆ ಬದಲಿಸುವುದಕ್ಕಿಂತ ಉದ್ದವಾಗಿಡುವುದೇ ಲೇಸೆಂದು ತಜ್ಞರ ಮತವು. ಅದನ್ನು ಚೀಟಿಯಲ್ಲಿ ಬರೆದು ಮನೆಯವರ ಒಡವೆಪೆಟ್ಟಿಗೆಯಲ್ಲಿಟ್ಟಿದ್ದೇವೆ. ವಾಚಕರೂ ಇಂದೇ ಹಾಗೆ ಮಾಡುವುದು ಕ್ಷೇಮವು.